ಹೂಂಗುಟ್ಟುವವರು

ಕಪ್ಪು ನಿಲುವಂಗಿಯೊಳಗೆ ಬೆವರುತ್ತ ಕೂತಿರುವ ನನ್ನ ಪ್ರೀತಿಯ ಪದವೀಧರರೇ,

ಇಲ್ಲಿ ಮಾತಾಡಲು ಒಪ್ಪಿಕೊಂಡ ಮೇಲೆ, ಮೊದಲು ನಿಮ್ಮ ಮಾತು ಕೇಳಬೇಕು ಅನ್ನಿಸಿ ಹೋದ ವಾರ ಒಂದು ಮಧ್ಯಾಹ್ನ ಬಂದಿದ್ದೆ. ಕ್ಯಾಂಟೀನಿನಲ್ಲಿ ಹತ್ತು ಹನ್ನೆರಡು ಜನ ಸೇರಿದ್ದಿರಿ. ಎಲ್ಲರೂ ಎದ್ದು ಹೋದ ಮೇಲೆ ಒಬ್ಬ ಹುಡುಗಿ ಉಳಿದಳು. ದರೋಜಿ ಕಡೆಯವಳು, ಬಿ.ಎ. ಮುಗಿಸಿದ್ದಾಳೆ. "ಸರ್, ಜೀವನಕ್ಕ ಒಂದು ಉದ್ದೇಶ ಇರಬೇಕು ಅಂತ ಎಲ್ಲಾರೂ ಹೇಳ್ತಾರ. ಮೂರು ವರ್ಷ ಹುಡುಕೀನಿ. ನನಗ ಸಿಕ್ಕಿಲ್ಲ. ನನ್ನೊಳಗ ಏನಾರ ಕಮ್ಮಿ ಐತೇನು?" ಎಂದು ಕೇಳಿದಳು. ಕೇಳುವಾಗ ಅವಳ ಗಂಟಲು ಕಟ್ಟಿತ್ತು. ನಾನು ಉತ್ತರ ಕೊಡುವ ಹೊತ್ತಿಗೆ ಅವಳ ಬಸ್ಸಿನ ವೇಳೆಯಾಯಿತು. ಆರು ಗಂಟೆಗೆ ಓಣಿಯ ಹುಡುಗರು ಲೆಕ್ಕ ಹೇಳಿಸಿಕೊಳ್ಳಲು ಬರುತ್ತಾರೆ, ತಡವಾದರೆ ಬಾಗಿಲಲ್ಲೇ ಕೂತಿರುತ್ತಾರೆ ಎಂದು ಹೇಳಿ ಓಡಿದಳು.

ಅವಳಿಗೆ ಕೊಡಬೇಕಿದ್ದ ಉತ್ತರವನ್ನೇ ಇವತ್ತು ಇಲ್ಲಿಗೆ ತಂದಿದ್ದೇನೆ.

ನಾನೂ ದರೋಜಿಯ ಸುತ್ತಲಿನ ಮಣ್ಣಿನಲ್ಲಿ ಬೆಳೆದವನು. ಸಂಡೂರಿನ ಗುಡ್ಡಗಳಿಂದ ನಾರಿಹಳ್ಳ ಹರಿದು ಬಂದು ದರೋಜಿ ಕೆರೆ ಸೇರುತ್ತದೆ. ಕೆರೆ ತುಂಬಿದ ವರ್ಷ ಊರಿನಲ್ಲಿ ಕತೆಗೆ ಬರವಿರುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಬುರ್ರಕಥೆಯವರು ಬರುತ್ತಿದ್ದರು. ಅಂಗಳದಲ್ಲಿ ಕಂದೀಲು ಹಚ್ಚಿ ಇಡುತ್ತಿದ್ದೆವು. ಮುಂದೆ ನಿಂತವರ ಕೈಯಲ್ಲಿ ತಂಬೂರಿ, ಕಾಲಲ್ಲಿ ಗೆಜ್ಜೆ. ಹಿಂದೆ ಇಬ್ಬರು ಬುರ್ರ ಬಾರಿಸುವವರು. ಮುಂದಿನವರು ಸಾಲು ಎತ್ತಿದರೆ ಹಿಂದಿನವರು ಅದರ ತುದಿ ಹಿಡಿದು ಹಾಡುತ್ತಾರೆ, ನಡುನಡುವೆ ಹೂಂಗುಟ್ಟುತ್ತಾರೆ, "ಆಮ್ಯಾಕೇನಾತವ್ವ?" ಎಂದು ಕೇಳುತ್ತಾರೆ. ಎಂಟು ವರ್ಷದ ನಾನು ಕಂಬಳಿಯೊಳಗಿಂದ ನೋಡುತ್ತಿದ್ದದ್ದು ಕತೆ ಹೇಳುವವರನ್ನಲ್ಲ, ಆ ಹೂಂಗುಟ್ಟುವವರನ್ನು. ಅವರ ಹೂಂ ತಡವಾದರೆ ಕತೆ ಅಲ್ಲೇ ನಿಲ್ಲುತ್ತಿತ್ತು. ಬಾಣ ಬಿಲ್ಲಿಗೇರಿಸಿದ ಕುಮಾರರಾಮ ಹಾಗೇ ನಿಂತಿರುತ್ತಿದ್ದ. ಹೂಂ ಬಂದ ಮೇಲೇ ಬಾಣ ಹಾರುತ್ತಿದ್ದದ್ದು.

ಈ ನೆಲದಿಂದ ಬುರ್ರಕಥೆಯನ್ನು ನಾಡಿಗೆಲ್ಲ ಕೇಳಿಸಿದವರು ದರೋಜಿ ಈರಮ್ಮ. 1930ರಲ್ಲಿ ಹುಟ್ಟಿದವರು, ಬುಡ್ಗ ಜಂಗಮ ಎಂಬ ಅಲೆಮಾರಿ ಸಮುದಾಯದವರು. ಓದು ಬರಹ ಕಲಿತವರಲ್ಲ. ಸುಮಾರು ಹನ್ನೆರಡರ ವಯಸ್ಸಿನಲ್ಲಿ ತಂದೆ ಲಾಲಪ್ಪನವರಿಂದ ಕತೆ ಕಲಿತರು. ತಂಗಿ ಶಿವಮ್ಮ, ನಾದಿನಿ ಪಾರ್ವತಮ್ಮ ಅವರ ಹಿಮ್ಮೇಳ. ಕುಮಾರರಾಮ, ಬಬ್ಬುಲಿ ನಾಗಿರೆಡ್ಡಿ, ಬಾಲನಾಗಮ್ಮ, ಜಯಸಿಂಗರಾಜ ಹೀಗೆ ಹನ್ನೆರಡು ಮಹಾಕಾವ್ಯಗಳು ಆ ಒಂದು ತಲೆಯೊಳಗಿದ್ದವು. ಬರೆದುಕೊಂಡರೆ ಏಳು ಸಾವಿರ ಪುಟ. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಪದವಿ ಕೊಟ್ಟಿತು. ಆ ವಿಶ್ವವಿದ್ಯಾಲಯ ತನ್ನ ಘಟಿಕೋತ್ಸವವನ್ನು ನುಡಿಹಬ್ಬ ಎಂದು ಕರೆಯುತ್ತದೆ. ಅಕ್ಷರ ಬಾರದ ತಾಯಿಯೊಬ್ಬರಿಗೆ ಅಂಥ ಹಬ್ಬದ ಗೌರವ ಸಂದದ್ದನ್ನು ನೆನೆದರೆ ನನಗೆ ಇವತ್ತಿಗೂ ಕಣ್ಣು ತುಂಬುತ್ತದೆ. 2014ರ ಆಗಸ್ಟ್ 12ರಂದು ಅವರು ತೀರಿಕೊಂಡರು.

ಏಳು ಸಾವಿರ ಪುಟವನ್ನು ಯಾರೂ ಬಾಯಿಪಾಠ ಮಾಡಲಾರರು. ಮೌಖಿಕ ಕಾವ್ಯ ಹಾಗೆ ಉಳಿಯುವುದೂ ಇಲ್ಲ. ಕತೆಯ ಅಡಿಗಟ್ಟು ಮನಸ್ಸಿನಲ್ಲಿರುತ್ತದೆ. ರಾಣಿಯ ಸಿಂಗಾರ, ಕುದುರೆಯ ಓಟ, ಕಾಳಗ, ಅಳು ಇಂಥವಕ್ಕೆ ಪಳಗಿದ ನುಡಿಗಟ್ಟುಗಳು ನಾಲಗೆಯ ಮೇಲಿರುತ್ತವೆ. ಉಳಿದದ್ದು ಎದುರಿಗೆ ಕೂತವರ ಮುಖ ನೋಡಿ ಅಲ್ಲೇ ಹುಟ್ಟಬೇಕು. ಕೇಳುವವರು ಎಚ್ಚರವಾಗಿದ್ದರೆ ಯುದ್ಧ ಉದ್ದವಾಗುತ್ತದೆ, ಮಕ್ಕಳು ತೂಕಡಿಸಿದರೆ ಕತೆ ಬೇಗ ಊರು ಸೇರುತ್ತದೆ. ಇದು ನಮ್ಮಲ್ಲಿ ಮಾತ್ರ ಅಲ್ಲ. 1935ರಲ್ಲಿ ಮಿಲ್ಮನ್ ಪ್ಯಾರಿ ಎಂಬ ವಿದ್ವಾಂಸ ಯುಗೊಸ್ಲಾವಿಯಾದ ಹಳ್ಳಿಗಳಲ್ಲಿ ಹಾಡು ದಾಖಲಿಸಿಕೊಳ್ಳುತ್ತ ಹೋದಾಗ ಅವ್ದೊ ಮೆಜೆದೊವಿಚ್ ಎಂಬೊಬ್ಬ ಸಿಕ್ಕ. ಓದು ಬಾರದವನು, ಕಸಾಯಿ ಕೆಲಸ ಮಾಡಿ ಬದುಕಿದವನು. ಹನ್ನೆರಡು ಸಾವಿರ ಸಾಲು ದಾಟುವ ಒಂದು ಕಾವ್ಯವನ್ನು ದಿನಗಟ್ಟಲೆ ಹೇಳಿದ. ದರೋಜಿಗೂ ಅವನ ಊರಿಗೂ ಎಷ್ಟೋ ಸಮುದ್ರ ಅಡ್ಡ. ಆದರೆ ಕೇಳುವವರಿಲ್ಲದೆ ಅಲ್ಲೂ ಕತೆ ನಡೆಯುವುದಿಲ್ಲ.

ಈಗ ಒಂದು ಮಾತನ್ನು ಬಹಳ ಎಚ್ಚರದಿಂದ ಹೇಳಬೇಕು. "ನೋಡಿ, ಈರಮ್ಮ ಉದ್ದೇಶ ಹುಡುಕಲಿಲ್ಲ, ಸಿಕ್ಕಿದ್ದನ್ನು ಮಾಡಿದರು, ನೀವೂ ಹಾಗೇ ಇರಿ" ಎಂದು ನಾನಿಲ್ಲಿ ಹೇಳಿ ಕೂತರೆ ಅದು ದೊಡ್ಡ ಅನ್ಯಾಯ. ಆ ಕಾಲದಲ್ಲಿ ಬುಡ್ಗ ಜಂಗಮರ ಗುಡಿಸಲಿನ ಹುಡುಗಿಯನ್ನು, ನೀನು ಮುಂದೆ ಏನಾಗುತ್ತೀಯವ್ವ ಎಂದು ಯಾರೂ ಕೇಳಲಿಲ್ಲ. ಊರೂರು ತಿರುಗಬೇಕು, ಹಾಡಬೇಕು, ಮನೆಮನೆಯ ಮುಂದೆ ಜೋಳಿಗೆ ಒಡ್ಡಬೇಕು. ಹುಟ್ಟಿದ ಜಾತಿಯೇ ಬದುಕಿನ ಉದ್ದೇಶವನ್ನು ತೀರ್ಮಾನ ಮಾಡಿ ಇಟ್ಟಿತ್ತು. ಈ ದೇಶದಲ್ಲಿ ಕೋಟ್ಯಂತರ ಜನರಿಗೆ ಉದ್ದೇಶ ಹುಡುಕುವ ಕಷ್ಟ ಬರಲೇ ಇಲ್ಲ, ಏಕೆಂದರೆ ಅವರ ಕೈಯಲ್ಲಿ ಮೊದಲೇ ಪೊರಕೆಯನ್ನೋ ಚಮ್ಮಟಿಗೆಯನ್ನೋ ಜೋಳಿಗೆಯನ್ನೋ ಇಟ್ಟಿದ್ದರು. ಅದನ್ನು ಕೆಳಗಿಟ್ಟು ಬೇರೆ ಏನನ್ನಾದರೂ ಎತ್ತಿಕೊಳ್ಳುವ ಹಕ್ಕು ಅಂಬೇಡ್ಕರರ ಸಂವಿಧಾನದಿಂದ ಬಂತು, ಹಾಸ್ಟೆಲಿನ ಊಟದಿಂದ ಬಂತು, ನಿಮ್ಮ ಅಪ್ಪ ಅವ್ವ ತುಂಬಿದ ಫೀಸಿನಿಂದ ಬಂತು. ಆ ಹಕ್ಕನ್ನು ಯಾರಿಗೂ ಬಿಟ್ಟುಕೊಡಬೇಡಿ. ಯಾರಾದರೂ ನಿಮಗೆ ಉದ್ದೇಶ ಆರಿಸಿ ಕೊಡಲು ಬಂದರೆ, ಅದು ಜಾತಿಯಾಗಿರಲಿ, ಪಕ್ಷವಾಗಿರಲಿ, ಮದುವೆಯ ಹೆಸರಿನಲ್ಲಿ ಬರಲಿ, ಬೇಡ ಅನ್ನಿ.

ಆದರೆ ಕೆಲಸ ಆರಿಸಿಕೊಳ್ಳುವುದು ಬೇರೆ, ಉದ್ದೇಶವೆಂಬುದು ಎಲ್ಲೋ ಹೂತಿದೆ, ಅಗೆದರೆ ಸಿಗುತ್ತದೆ ಎಂದು ಕೂರುವುದು ಬೇರೆ. ಹಂಪಿಯ ಆಸುಪಾಸಿನವರಾದ ನಿಮಗೆ ನಿಧಿಗಳ್ಳರ ಕತೆ ಹೊಸದಲ್ಲ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ಒಂದು ರಾತ್ರಿ ಒಡೆದು ಹಾಕಿದರು. ನಿಧಿಯ ಆಸೆ. ಬೆಳಗಾದ ಮೇಲೆ ನೋಡಿದರೆ ಕಲ್ಲುಗಳು ಚೆಲ್ಲಾಪಿಲ್ಲಿ. ಬೆನ್ನಲ್ಲೇ ನೂರಾರು ಜನ ಸೇರಿ ಅದೇ ಜಾಗದಲ್ಲಿ ಮತ್ತೆ ಕಟ್ಟಿದರು. ತನ್ನೊಳಗೇ ಒಂದು ಕೊಪ್ಪರಿಗೆ ಹೂತಿದೆ ಎಂದು ನಂಬಿ ಹಗಲೂ ರಾತ್ರಿ ತನ್ನನ್ನೇ ಅಗೆದುಕೊಳ್ಳುವ ಮಕ್ಕಳನ್ನು ಕಂಡಾಗ ನನಗೆ ಆ ಒಡೆದ ಕಲ್ಲುಗಳು ನೆನಪಾಗುತ್ತವೆ. ಒಳಗೆ ಕೊಪ್ಪರಿಗೆ ಇಲ್ಲದಿದ್ದರೆ ಅದು ನಿಮ್ಮ ಕೊರತೆಯಲ್ಲ. ಯಾರೊಳಗೂ ಇಲ್ಲ.

ಅಗೆತದ ಇನ್ನೊಂದು ಕತೆ ನಿಮ್ಮ ಅಪ್ಪಂದಿರಿಗೆ ಗೊತ್ತು. ಚೀನಾಕ್ಕೆ ಅದಿರು ಹೋಗುತ್ತಿದ್ದ ವರ್ಷಗಳಲ್ಲಿ ನಾನು ಈ ಭಾಗದಲ್ಲಿ ಪಾಠ ಮಾಡುತ್ತಿದ್ದೆ. ಸಂಡೂರಿನಿಂದ ಹೊಸಪೇಟೆಗೆ ಬರುವ ದಾರಿಯ ಗಿಡಮರ, ಮನೆಮಾಡು, ಹಸುವಿನ ಬೆನ್ನು ಎಲ್ಲ ಕೆಂಪಾಗಿತ್ತು. ನನ್ನ ತರಗತಿಯ ಹಿಂದಿನ ಬೆಂಚುಗಳು ಒಂದೊಂದಾಗಿ ಖಾಲಿಯಾದವು. "ಸರ್, ಸಾಲ ಮಾಡಿ ಲಾರಿ ತಗಂಡ್ವಿ" ಎಂದು ಹುಡುಗರು ಮಿಠಾಯಿ ಕೊಟ್ಟು ಹೋಗುತ್ತಿದ್ದರು. ಬದುಕಿನ ಗುರಿ ಸಿಕ್ಕಿತು ಎಂಬ ಕಳೆ ಅವರ ಮುಖದಲ್ಲಿ ನಿಜವಾಗಿ ಇತ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಲೇಬೇಕಿತ್ತು, ಗುಡ್ಡಗಳೇ ಉಳಿಯುತ್ತಿರಲಿಲ್ಲ. ಲಾರಿಗಳು ರಸ್ತೆ ಬದಿ ಸಾಲಾಗಿ ನಿಂತವು. ಕೆಲವನ್ನು ಸಾಲ ಕೊಟ್ಟವರು ಎಳೆದೊಯ್ದರು. ಉಳಿದವುಗಳ ಚಕ್ರದ ನಡುವೆ ಹುಲ್ಲು ಬೆಳೆಯಿತು. ಆಗ ಕಷ್ಟಪಟ್ಟವರಲ್ಲಿ ನನ್ನ ಒಬ್ಬ ವಿದ್ಯಾರ್ಥಿಯೂ ಇದ್ದ. ಲಾರಿ ಹೋಯಿತು, ಆದರೆ ನಿಂತ ಲಾರಿಗಳ ನಡುವೆ ಕೂತು ಇಂಜಿನ್ ಬಿಚ್ಚುವುದು ಕಟ್ಟುವುದು ಅವನ ಕೈಗೆ ಹತ್ತಿತ್ತು. ಇವತ್ತು ಕಂಪ್ಲಿ ಕಡೆ ಟ್ರ್ಯಾಕ್ಟರು, ಪಂಪ್‌ಸೆಟ್ಟು ರಿಪೇರಿ ಮಾಡುತ್ತಾನೆ. ಭತ್ತ ನಾಟಿಯ ಹಂಗಾಮಿನಲ್ಲಿ ರಾತ್ರಿ ಹನ್ನೊಂದಕ್ಕೆ ಫೋನು ಬರುತ್ತದೆ. ಗದ್ದೆಗೆ ನೀರಿಲ್ಲದೆ ಸಸಿ ಮಡಿ ಕಾಯುವುದಿಲ್ಲವಲ್ಲ, ಎದ್ದು ಹೋಗುತ್ತಾನೆ. ಇದೇ ನನ್ನ ಗುರಿ ಎಂದು ಅವನು ಯಾವತ್ತೂ ಹೇಳಿದ್ದು ನಾನು ಕೇಳಿಲ್ಲ. ಅವನಿಗೆ ಆ ಮಾತಿನ ಅಗತ್ಯ ಬಿದ್ದಿಲ್ಲ.

ವಿಕ್ಟರ್ ಫ್ರಾಂಕ್ಲ್ ಎಂಬ ವಿಯೆನ್ನಾದ ಮನೋವೈದ್ಯರ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ನಾಜಿಗಳ ಶಿಬಿರಗಳಲ್ಲಿ ಬದುಕುಳಿದು ಬಂದು, ಅಲ್ಲಿ ಕಂಡದ್ದನ್ನು 1946ರಲ್ಲಿ ಪುಸ್ತಕ ಮಾಡಿದರು. ಇಂಗ್ಲಿಷಿನಲ್ಲಿ ಅದಕ್ಕೆ ಅರ್ಥದ ಹುಡುಕಾಟ ಎಂಬ ಹೆಸರು ಬಿದ್ದು, ಲೋಕವೆಲ್ಲ ಹುಡುಕಾಟವೆಂಬ ಪದವನ್ನೇ ಹಿಡಿದುಕೊಂಡಿತು. ಆದರೆ ಒಳಗೆ ಅವರು ಹೇಳುವುದು ತಿರುಗುಮುರುಗು. ಬದುಕಿನ ಅರ್ಥವೇನು ಎಂದು ನಾವು ಕೇಳುವುದಲ್ಲ, ಬದುಕೇ ದಿನದಿನವೂ ನಮ್ಮನ್ನು ಕೇಳುತ್ತದೆ, ನಾವು ಉತ್ತರ ಕೊಡಬೇಕಾದವರು. ಆ ಪುಸ್ತಕಕ್ಕಿರುವ ಜರ್ಮನ್ ಹೆಸರನ್ನು ದರೋಜಿಯ ಮಾತಿನಲ್ಲಿ ಹೇಳುವುದಾದರೆ, ಏನೇ ಆದರೂ ಬದುಕಿಗೆ ಹೂಂ ಅನ್ನುವುದು.

ನಾನು ಹೂಂ ಅನ್ನದೆ ಕಳೆದುಕೊಂಡದ್ದನ್ನು ಇವತ್ತು ನಿಮ್ಮ ಮುಂದೆ ಹೇಳಿಬಿಡುತ್ತೇನೆ. ಎಂ.ಎ. ಮುಗಿದ ಮೇಲೆ ಸಂಶೋಧನೆಗೆ ಒಂದು ಘನವಾದ ವಿಷಯ ಬೇಕೆಂದು ಮೈಸೂರಿನ ಗ್ರಂಥಾಲಯಗಳಲ್ಲಿ ಎರಡು ವರ್ಷ ಹುಡುಕಿದೆ. ಆ ರಜೆಗಳಲ್ಲಿ ಊರಿಗೆ ಬಂದಾಗ ಗೆಳೆಯನೊಬ್ಬನ ಟೇಪ್ ರೆಕಾರ್ಡರ್ ನನ್ನ ಬಳಿಯೇ ಇತ್ತು. ಅಜ್ಜಿ ಬೀಸುವ ಕಲ್ಲಿನ ಹತ್ತಿರ ಕೂತು, "ಬಾರಪ, ಕುಂದ್ರು, ಒಂದು ಪದ ಹೇಳ್ತೀನಿ" ಎಂದು ಕರೆಯುತ್ತಿದ್ದಳು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಅವಳಿಗೆ ಬೀಸುವ ಕೆಲಸವಿರಲಿಲ್ಲ. ಪದ ಹೇಳಲೆಂದೇ ಖಾಲಿ ಕಲ್ಲು ತಿರುಗಿಸುತ್ತಿದ್ದಳು, ಕಲ್ಲಿನ ಸದ್ದಿಲ್ಲದೆ ಅವಳಿಗೆ ಸಾಲು ಹೊಳೆಯುತ್ತಿರಲಿಲ್ಲ. ನಾನು ಆಮೇಲೆ ಅಂದೆ, ನಾಳೆ ಅಂದೆ. ಮೂರನೆಯ ರಜೆಗೆ ಬಂದಾಗ ಬೀಸುವ ಕಲ್ಲು ಹಿತ್ತಲಲ್ಲಿ ಮಗುಚಿ ಬಿದ್ದಿತ್ತು. ಅವಳ ಪದಗಳಲ್ಲಿ ನನಗೆ ನೆನಪಿರುವುದು ಎರಡು ಸಾಲು, ಅದೂ ಪೂರ್ತಿಯಲ್ಲ. ಘನವಾದ ವಿಷಯ ನನ್ನನ್ನು ಹೆಸರು ಹಿಡಿದು ಕರೆದಿತ್ತು. ನಾನು ಓಗೊಡಲಿಲ್ಲ.

ಮೊನ್ನೆ ದರೋಜಿ ಕರಡಿಧಾಮಕ್ಕೆ ಹೋಗಿದ್ದೆ. 1994ರಲ್ಲಿ ಬಿಳಿಕಲ್ಲು ಮೀಸಲು ಅರಣ್ಯದಲ್ಲಿ ಆದ ಧಾಮ, ಶಾಲೆಯಿಂದ ನೀವೆಲ್ಲ ಪ್ರವಾಸ ಹೋಗಿರುತ್ತೀರಿ. ಮಧ್ಯಾಹ್ನದ ಬಿಸಿಲಲ್ಲಿ ಒಬ್ಬ ಕಾವಲುಗಾರ ಬಕೆಟ್ ಹಿಡಿದು ಬಂಡೆ ಹತ್ತುತ್ತಿದ್ದ. ಬೆಲ್ಲದ ಪಾಕವನ್ನು ಅಂಗೈಯಲ್ಲಿ ತೆಗೆದು ಕಲ್ಲಿನ ಸಂದುಗಳಿಗೆ ಸವರುತ್ತಿದ್ದ. ಬಿಸಿ ಬಂಡೆ, ಅಂಟು ಕೈ, ಮುತ್ತುವ ನೊಣ. ಎಲ್ಲ ಸಂದಿಗೂ ಬಿತ್ತೋ ಇಲ್ಲವೋ ಎಂದು ಬಗ್ಗಿ ನೋಡಿ, ಬಿಟ್ಟುಹೋದ ಒಂದು ಸಂದಿಗೆ ಮತ್ತೆ ಹಿಂದಿರುಗಿ ಹೋದ. ಇಳಿದು ಬಂದಾಗ, ದಿನಾ ಇದೇ ಕೆಲಸ ಬೇಸರ ಆಗುವುದಿಲ್ಲವೇ ಎಂದು ಕೇಳಿದೆ. ಅವನಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. "ಮರಿ ಹೊತ್ಕಂಡು ಬರ್ತಾವ ಸರ. ಕಾಯ್ತಾವ" ಅಂದ. ನಾಲ್ಕೂವರೆಯ ಸುಮಾರಿಗೆ ಒಂದು ತಾಯಿ ಕರಡಿ ಬಂತು. ಬೆನ್ನ ಮೇಲೆ ಎರಡು ಮರಿ, ಕೂದಲು ಹಿಡಿದು ಕೂತಿದ್ದವು. ಅವನು ಹಿಂದಿರುಗಿ ಹೋಗಿ ಸವರಿದ್ದ ಆ ಸಂದಿಗೂ ಅದು ಮೂತಿ ಹಾಕಿತು.

ಅಲ್ಲಿಂದ ಬರುವಾಗ ದಾರಿಯಲ್ಲಿ ನನಗೆ ಆ ಹುಡುಗಿ ಬಸ್ಸಿಗೆ ಓಡಿದ್ದು ನೆನಪಾಯಿತು. ಮೂರು ವರ್ಷ ಹುಡುಕಿದೆ, ಸಿಕ್ಕಿಲ್ಲ ಎಂದು ಗಂಟಲು ಕಟ್ಟಿ ಹೇಳಿದ ಆ ಮಗುವೇ ಆರು ಗಂಟೆಗೆ ಮಕ್ಕಳು ಬಾಗಿಲಲ್ಲಿ ಕೂತಿರುತ್ತಾರೆ ಎಂದು ಮಾತು ಅರ್ಧಕ್ಕೇ ಬಿಟ್ಟು ಓಡಿದ್ದಳು. ಇಲ್ಲೇ ಎಲ್ಲೋ ಕೂತಿದ್ದೀಯವ್ವ, ನಿನಗೆ ಕೇಳಿಸುತ್ತಿದ್ದರೆ ಹೇಳುತ್ತೇನೆ. ನಿನ್ನೊಳಗೆ ಏನೂ ಕಮ್ಮಿ ಇಲ್ಲ. ಬ್ಯಾಂಕ್ ಪರೀಕ್ಷೆ ಬರಿ, ಬಿ.ಎಡ್. ಮಾಡು, ತೋರಣಗಲ್ಲಿನ ಕಾರ್ಖಾನೆಗೆ ಅರ್ಜಿ ಹಾಕು, ಬೆಂಗಳೂರಿಗೆ ಹೋಗು, ಹೋದದ್ದು ಸರಿಹೋಗದಿದ್ದರೆ ಬಿಟ್ಟು ಬಾ, ಇನ್ನೊಂದು ಹಿಡಿ. ಅವೆಲ್ಲ ನೀನು ಆರಿಸಿಕೊಳ್ಳುವ ಕೆಲಸಗಳು. ಎಲ್ಲಿ ಹೋದರೂ ಯಾರೋ ಬಾಗಿಲಲ್ಲಿ ಬಂದು ಕೂರುತ್ತಾರೆ. ಆಗ ನಿನ್ನ ಕಾಲು ತಾನಾಗಿ ಆ ಕಡೆ ಓಡುತ್ತದೆ, ಹೋದ ವಾರ ಓಡಿದ ಹಾಗೆ.

ಈಗ ನಿಮ್ಮ ಹೆಸರು ಕೂಗುತ್ತಾರೆ, ಪ್ರಮಾಣಪತ್ರ ಕೈಗೆ ಬರುತ್ತದೆ. ಫೋಟೋ ಎಲ್ಲ ಮುಗಿದ ಮೇಲೆ, ಮನೆಗೆ ಹೋಗಿ ಅವ್ವನ ಮುಂದೆ, ಅಜ್ಜಿ ಇದ್ದರೆ ಅಜ್ಜಿಯ ಮುಂದೆ ಕೂತು ಅದನ್ನು ಓದಿ ಹೇಳಿ. ಅವರಿಗೆ ಓದಲು ಬರುತ್ತಿದ್ದರೂ ನೀವೇ ಓದಿ. ನಿಧಾನವಾಗಿ, ಒಂದೊಂದೇ ಸಾಲು. ಪ್ರತಿ ಸಾಲಿಗೂ ಅವರು ಹೂಂ ಅನ್ನುವ ತನಕ ತಡೆಯಿರಿ.