ಮೆಕ್ಯಾನಿಕಲ್ ಓದುವುದು ಏತಕ್ಕೆ?

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಓದಿದ್ದು ಮೆಕ್ಯಾನಿಕಲ್ ಬಿ.ಇ., ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಊರಿಗೆ ಬಂದಾಗಲೆಲ್ಲ ತಂದೆತಾಯಂದಿರು ಕೇಳುವುದು ಒಂದೇ ಪ್ರಶ್ನೆ: "ಹಾಗಾದರೆ ನಮ್ಮ ಮಗನನ್ನು ಮೆಕ್ಯಾನಿಕಲ್‌ಗೆ ಸೇರಿಸುವುದು ದಂಡವಲ್ಲವೇನಪ್ಪಾ?" ಉತ್ತರ ಹೇಳುವ ಮೊದಲು ಆ ಕೋರ್ಸಿನ ಗುರಿ ಏನೆಂದು ನೋಡೋಣ.

ಇಂದು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ವಿಭಾಗದ ಗೋಡೆಯ ಮೇಲೆ ಗುರಿಗಳನ್ನು ಬರೆದು ಹಾಕಿರುತ್ತಾರೆ. ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಬಿಎ ಅದನ್ನು ಕೇಳುತ್ತದೆ. ಪದವಿ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗೆ ಏನು ಬರಬೇಕು ಎಂಬುದು ಒಂದು ಪಟ್ಟಿ. ಕೆಲವು ವರ್ಷಗಳ ನಂತರ ಅವನು ಎಂಥ ಇಂಜಿನಿಯರ್ ಆಗಿರಬೇಕು ಎಂಬುದು ಇನ್ನೊಂದು. ಮೊದಲ ಪಟ್ಟಿಯಲ್ಲಿ ಗಣಿತ, ವಿಜ್ಞಾನ, ವಿನ್ಯಾಸ ಮಾತ್ರವಲ್ಲ. ಸಮಾಜ, ಪರಿಸರ, ನೀತಿ, ಕೂಡಿ ದುಡಿಯುವುದು, ಜೀವನವಿಡೀ ಕಲಿಯುವುದು ಕೂಡ ಇವೆ.

ಗೋಡೆಯ ಮೇಲೆ ಓದಿದರೆ ಇವು ಒಣ ಮಾತು. ನಮ್ಮ ಕೆ.ಜಿ.ಎಫ್.ನಲ್ಲಿ ನಿಂತು ಓದಿದರೆ ಹಾಗಲ್ಲ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಅಷ್ಟು ಆಳಕ್ಕೆ ಆಳುಗಳನ್ನು ಇಳಿಸಬೇಕಾದರೆ ಹಗ್ಗದ ಸ್ವಂತ ಭಾರವೇ ದೊಡ್ಡ ಹೊರೆ. ಅದನ್ನು ಲೆಕ್ಕ ಹಾಕುವುದು ವಿನ್ಯಾಸ. ಕೆಳಗೆ ಬಂಡೆಯೇ ಸುಡುತ್ತಿತ್ತು. ಮನುಷ್ಯ ಉಸಿರಾಡುವಂತೆ ತಂಪು ಗಾಳಿ ಕಳಿಸುವುದು ಉಷ್ಣಶಾಸ್ತ್ರ. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂದದ್ದು ಈ ಯಂತ್ರಗಳನ್ನು ನಡೆಸಲಿಕ್ಕೇ.

ಇನ್ನು ಪರಿಸರ. ಸಯನೈಡ್ ದಿಬ್ಬಗಳನ್ನು ನೋಡಿ. ಚಿನ್ನ ಹೊರಟುಹೋಯಿತು, ಮಣ್ಣು ಉಳಿಯಿತು. ಗಾಳಿ ಎದ್ದರೆ ಆ ಧೂಳು ನಮ್ಮ ಮನೆಗೇ ಬರುತ್ತದೆ. ಯಂತ್ರ ಓಡಿದರೆ ಸಾಲದು, ಅದು ನಿಂತ ಮೇಲೆ ಏನು ಉಳಿಯುತ್ತದೆ ಎಂದೂ ಯೋಚಿಸಬೇಕು ಎಂಬ ಪಾಠಕ್ಕೆ ಇದಕ್ಕಿಂತ ಪುಸ್ತಕ ಬೇಕೇ?

2001ರ ಫೆಬ್ರವರಿ ಕೊನೆಯಲ್ಲಿ ಗಣಿ ಮುಚ್ಚಿತು. ಒಂದೇ ಕಸುಬಿನಲ್ಲಿ ಪಳಗಿದ ಕೈಗಳಿಗೆ ಕೆಲಸವಿಲ್ಲವಾಯಿತು. ಅವರ ತಪ್ಪೇನೂ ಇರಲಿಲ್ಲ. ಆ ಮನೆಗಳ ಮಕ್ಕಳು ಇಂದು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಾರೆ. 'ಜೀವನವಿಡೀ ಕಲಿಯುವುದು' ಎಂಬ ಸಾಲಿನ ಅರ್ಥ ನಮ್ಮ ಊರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಆ ಓದು ಏನು ಕೊಟ್ಟಿತು? ಕಾಲೇಜಿನ ಲ್ಯಾಬಿನಲ್ಲಿ ಉಕ್ಕಿನ ಸರಳನ್ನು ಯಂತ್ರಕ್ಕೆ ಸಿಕ್ಕಿಸಿ, ಮುರಿಯುವವರೆಗೂ ಎಳೆಯುತ್ತಿದ್ದೆವು. ಎಷ್ಟು ಭಾರಕ್ಕೆ ಹಿಗ್ಗಿತು, ಎಲ್ಲಿ ತುಂಡಾಯಿತು ಎಂದು ಬರೆದುಕೊಳ್ಳುತ್ತಿದ್ದೆವು. ಇಂದು ಪ್ರೋಗ್ರಾಂ ಬರೆಯುವಾಗಲೂ 'ಇದು ಓಡುತ್ತದೆಯೇ' ಎನ್ನುವುದಕ್ಕಿಂತ ಮೊದಲು 'ಇದು ಎಲ್ಲಿ ಮುರಿಯುತ್ತದೆ, ಮುರಿದರೆ ಯಾರಿಗೆ ಪೆಟ್ಟು' ಎಂದು ಕೇಳುತ್ತೇನೆ. ಈ ಅಭ್ಯಾಸ ಅಲ್ಲಿಂದ ಬಂದದ್ದು.

ಹಾಗೆಂದು ಸುಳ್ಳು ಭರವಸೆ ಕೊಡಲಾರೆ. ನೌಕರಿಯ ಖಾತ್ರಿ ಯಾವ ಕೋರ್ಸಿಗೂ ಇಲ್ಲ, ಕಂಪ್ಯೂಟರಿಗೂ ಇಲ್ಲ. ಆದರೆ ಬಿಇಎಂಎಲ್ ನಮ್ಮ ಪಕ್ಕದಲ್ಲೇ ಇದೆ. ಭಾರೀ ಯಂತ್ರ ಮಾಡುವವರು ದೇಶಕ್ಕೆ ಬೇಕೇ ಬೇಕು. ಆದ್ದರಿಂದ ತಂದೆತಾಯಂದಿರಲ್ಲಿ ನನ್ನ ವಿನಂತಿ: ಪಕ್ಕದ ಮನೆಯವರ ಸಂಬಳ ನೋಡಿ ಕೋರ್ಸು ಆರಿಸಬೇಡಿ. ಕೆಟ್ಟ ಮಿಕ್ಸಿ ಬಿಚ್ಚಿ ನೋಡುವ ಹುಡುಗಿ ನಿಮ್ಮ ಮನೆಯಲ್ಲಿದ್ದರೆ, 'ಇದು ಗಂಡುಮಕ್ಕಳ ಓದು' ಎಂದು ತಡೆಯಬೇಡಿ.

ಹಣದ ಅಡಚಣೆ ಇದ್ದರೆ ಎಸ್‌ಎಸ್‌ಎಲ್‌ಸಿ ಮುಗಿಸಿ ಪಾಲಿಟೆಕ್ನಿಕ್ ಸೇರಬಹುದು. ಮೂರು ವರ್ಷದ ಡಿಪ್ಲೊಮಾ ಕೈಯಲ್ಲಿದ್ದರೆ ದುಡಿಯಲೂ ಬಹುದು, ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿ.ಇ.ಗೆ ಸೇರಲೂ ಬಹುದು. ಕನ್ನಡ ಮಾಧ್ಯಮವೆಂದು ಹೆದರಬೇಡಿ, ಮಕ್ಕಳೇ. ಬಲ, ಚಲನೆ, ಒತ್ತಡ, ಉಷ್ಣ ಎಂಬ ಮಾತುಗಳನ್ನು ಈ ಶಾಲೆಯ ವಿಜ್ಞಾನದ ಪಾಠದಲ್ಲೇ ಅರ್ಥ ಮಾಡಿಕೊಂಡಿದ್ದೀರಿ. ಇಂಗ್ಲಿಷ್ ಹೆಸರು ಆಮೇಲೆ ಬರುತ್ತದೆ.