ಡೀಸೆಲ್ ಕಾರಿನ ಹೊಗೆ: ದೋಷ ಹುಡುಕುವ ಬಗೆ

(ಸಂಘದ ವಾರ್ಷಿಕ ಶಿಬಿರದಲ್ಲಿ ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಗ್ಯಾರೇಜಿನ ಕೆಲಸದ ಬಗ್ಗೆ ವೇದಿಕೆಯಲ್ಲಿ ನಿಂತು ಮಾತನಾಡುವ ರೂಢಿ ನಮ್ಮಲ್ಲಿ ಕಡಿಮೆ. ವೈದ್ಯರು, ವಕೀಲರು, ಅಧ್ಯಾಪಕರು ಮಾತನಾಡುವ ಜಾಗಕ್ಕೆ ಆಟೊಮೊಬೈಲ್ ಕಲಿಸುವವನೊಬ್ಬನನ್ನು ಕರೆದಿರುವುದಕ್ಕೆ ಸಂಘಕ್ಕೆ ನಾನು ಋಣಿ. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಗ್ಯಾರೇಜು, ಟ್ಯಾಕ್ಸಿ, ಲಾರಿಗಳಿಂದಲೇ ಅನ್ನ ಬೇಯುತ್ತಿದೆ. ಆದ್ದರಿಂದ ದೀರ್ಘ ಪೀಠಿಕೆ ಬೇಡ.

ಗ್ರಾಹಕರೊಬ್ಬರು ಕಾರು ತಂದು ನಿಲ್ಲಿಸುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಎಂಜಿನ್ ದೀಪ ಹೊತ್ತಿದೆ. ಅವರು ಹೇಳುವ ಮಾತು ಹೆಚ್ಚುಕಡಿಮೆ ಎಲ್ಲ ಊರಲ್ಲೂ ಒಂದೇ: "ಭಾಯ್, ಈ ದೀಪವೊಂದನ್ನು ಆರಿಸಿಕೊಡಿ, ಸಾಕು." ದೀಪ ಆರಿಸುವುದು ಎರಡು ನಿಮಿಷದ ಕೆಲಸ. ಸ್ಟಿಯರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿ, ಕೋಡ್ ಅಳಿಸಿದರೆ ಆಯಿತು. ಆದರೆ ದೀಪ ಏಕೆ ಹೊತ್ತಿತು ಎಂದು ಹೇಳಬಲ್ಲವರು ಎಷ್ಟು ಮಂದಿ? ಇಂದು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಆ ಎರಡನೆಯ ಕೆಲಸದ ಬಗ್ಗೆ.

ಮೊದಲು ಕಾರಿನಲ್ಲಿ ಏನೇನಿದೆ ಎಂಬುದನ್ನು ತಿಳಿದುಕೊಳ್ಳಿ. ಡೀಸೆಲ್ ಎಂಜಿನ್ನಿನ ಹೊಗೆಯಲ್ಲಿ ನಮ್ಮನ್ನು ಕಾಡುವ ವಸ್ತುಗಳು ಮುಖ್ಯವಾಗಿ ಎರಡು. ಒಂದು, ಕಣ್ಣಿಗೆ ಕಾಣುವ ಮಸಿ. ಇನ್ನೊಂದು, ಹೊಗೆಯ ಕೊಳವೆಯಲ್ಲಿ ಕಣ್ಣಿಗೆ ಬೀಳದ ನೈಟ್ರೋಜನ್ ಆಕ್ಸೈಡ್. ಗಾಳಿ ಸಾಲದೆ ಉರಿದಾಗ ಮಸಿ ಹೆಚ್ಚುತ್ತದೆ. ಉರಿಯ ಶಾಖ ವಿಪರೀತ ಏರಿದಾಗ ನೈಟ್ರೋಜನ್ ಆಕ್ಸೈಡ್ ಹೆಚ್ಚುತ್ತದೆ. ಒಂದನ್ನು ತಗ್ಗಿಸಲು ಹೋದರೆ ಇನ್ನೊಂದು ತಲೆ ಎತ್ತುತ್ತದೆ. ಈ ಜಗಳವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ನಿಯಮ ಜಾರಿಗೆ ಬಂತು. ಅದಕ್ಕೂ ಮುಂಚಿನ ಬಿಎಸ್-4ರಲ್ಲಿ ಸಾಮಾನ್ಯ ಡೀಸೆಲ್ ಕಾರು ಕಿಲೋಮೀಟರಿಗೆ 250 ಮಿಲಿಗ್ರಾಂವರೆಗೆ ನೈಟ್ರೋಜನ್ ಆಕ್ಸೈಡ್ ಬಿಡಬಹುದಿತ್ತು. ಬಿಎಸ್-6ರಲ್ಲಿ 80 ಮಾತ್ರ. ಮಸಿಯ ಕಣಗಳ ಮಿತಿ 25 ಮಿಲಿಗ್ರಾಂನಿಂದ 4.5ಕ್ಕೆ ಇಳಿಯಿತು. ಡೀಸೆಲಿನಲ್ಲಿರುವ ಗಂಧಕದ ಮಿತಿಯನ್ನೂ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ತಂದರು. ಇಷ್ಟು ಕಡಿತ ಎಂಜಿನ್ ಒಂದರಿಂದಲೇ ಆಗದು. ಅದಕ್ಕಾಗಿ ಹೊಗೆಯ ಸ್ವಲ್ಪ ಭಾಗವನ್ನು ಮರಳಿ ಎಂಜಿನ್ನಿಗೆ ಕಳುಹಿಸಿ ಉರಿಯ ಶಾಖ ತಗ್ಗಿಸುವ ಇಜಿಆರ್, ಮಸಿಯನ್ನು ಹಿಡಿದಿಟ್ಟು ಸುಡುವ ಡಿಪಿಎಫ್ ಎಂಬ ಸೋಸುಕ, ಹಲವು ಕಾರುಗಳಲ್ಲಿ ಯೂರಿಯಾ ದ್ರಾವಣ ಸಿಂಪಡಿಸಿ ನೈಟ್ರೋಜನ್ ಆಕ್ಸೈಡನ್ನು ನಿರಪಾಯಗೊಳಿಸುವ ಎಸ್‌ಸಿಆರ್, ಇವೆಲ್ಲ ಸೇರಿಕೊಂಡವು. ಇವುಗಳ ಮೇಲೆ ಕಣ್ಣಿಟ್ಟಿರುವ ಸೆನ್ಸರುಗಳು ಬೇರೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸ್ಕ್ಯಾನರ್ ತೋರಿಸುವ ಕೋಡ್ ಒಂದು ದೂರು, ತೀರ್ಪಲ್ಲ. ಪಿ 0401 ಎಂದರೆ ಇಜಿಆರ್ ಮೂಲಕ ಹರಿಯುವ ಹೊಗೆ ಸಾಲದು ಎಂದಷ್ಟೇ ಅರ್ಥ. ಇಜಿಆರ್ ವಾಲ್ವ್ ಕೆಟ್ಟಿದೆ ಎಂದಲ್ಲ. ಜ್ವರ ಬಂದಿದೆ ಎಂದು ಥರ್ಮಾಮೀಟರ್ ಹೇಳುತ್ತದೆ, ಯಾವ ಜ್ವರವೆಂದು ಹೇಳುವುದಿಲ್ಲ.

ಅದೇ ಪಿ 0401ನ್ನು ನೋಡೋಣ. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಬಿಟ್ಟು, ಸ್ಕ್ಯಾನರ್ ಮೂಲಕವೇ ವಾಲ್ವ್ ತೆರೆಯಲು ಆಜ್ಞೆ ಕೊಡಿ. ಒಳಬರುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರಿನ ಅಂಕಿಯನ್ನು ಗಮನಿಸುತ್ತಿರಿ. ವಾಲ್ವ್ ತೆರೆದು ಹೊಗೆ ಒಳನುಗ್ಗಿದರೆ ಅಷ್ಟರ ಮಟ್ಟಿಗೆ ಹೊಸ ಗಾಳಿಗೆ ಜಾಗ ಕಡಿಮೆಯಾಗಿ ಅಂಕಿ ಇಳಿಯಲೇಬೇಕು. ವಾಲ್ವ್ ತೆರೆದಿರುವುದಾಗಿ ಸ್ಕ್ಯಾನರ್ ತೋರಿಸಿಯೂ ಅಂಕಿ ಕದಲದಿದ್ದರೆ ದಾರಿಯಲ್ಲಿ ಮಸಿ ಕಟ್ಟಿಕೊಂಡಿದೆ. ಬಿಚ್ಚಿ ಶುಚಿ ಮಾಡಿದರೆ ಸಾಕಾಗಬಹುದು. ಆಜ್ಞೆ ಕೊಟ್ಟರೂ ವಾಲ್ವಿನ ಸ್ಥಾನವೇ ಬದಲಾಗದಿದ್ದರೆ ಅದು ಸಿಕ್ಕಿಕೊಂಡಿದೆ, ಇಲ್ಲವೇ ಅದರ ಮೋಟಾರು ಅಥವಾ ವಯರಿನಲ್ಲಿ ದೋಷವಿದೆ. ಅಂಕಿ ಸರಿಯಾಗಿ ಇಳಿದಿದ್ದರೂ ಕೋಡ್ ಬರುತ್ತಿದ್ದರೆ ಏರ್‌ಫ್ಲೋ ಸೆನ್ಸರಿನ ಮೇಲೆಯೇ ಅನುಮಾನ ಪಡಿ. ಅನೇಕ ಡೀಸೆಲ್ ಕಾರುಗಳಲ್ಲಿ ಕಂಪ್ಯೂಟರು ಇಜಿಆರ್ ಹರಿವನ್ನು ಲೆಕ್ಕ ಹಾಕುವುದು ಈ ಸೆನ್ಸರನ್ನು ನಂಬಿಕೊಂಡು. ಕೊಳೆಯಾದ ಸೆನ್ಸರಿನ ಸುಳ್ಳಿಗೆ ಹೊಸ ಇಜಿಆರ್ ವಾಲ್ವಿನ ದಂಡ ತೆರುವ ಗ್ರಾಹಕರು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ.

ಇನ್ನು ಅತ್ಯಂತ ಹೆಚ್ಚು ದುಡ್ಡು ಪೋಲಾಗುವ ಜಾಗ, ಡಿಪಿಎಫ್. ಸೌದೆ ಒಲೆ ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಮಸಿ ಬೇರೆ, ಬೂದಿ ಬೇರೆ. ಮಸಿಯನ್ನು ಮತ್ತೆ ಸುಡಬಹುದು. ಬೂದಿಯನ್ನು ಎಷ್ಟು ಸುಟ್ಟರೂ ಬೂದಿಯೇ. ಸೋಸುಕದಲ್ಲಿ ಮಸಿ ತುಂಬಿದಾಗ ಕಂಪ್ಯೂಟರು ಸ್ವಲ್ಪ ಹೆಚ್ಚುವರಿ ಡೀಸೆಲ್ ಬಿಟ್ಟು ಹೊಗೆಯ ಶಾಖವನ್ನು ಸುಮಾರು 600 ಡಿಗ್ರಿಗೆ ಏರಿಸಿ ಅದನ್ನು ಸುಡುತ್ತದೆ. ಇದಕ್ಕೆ ರೀಜನರೇಶನ್ ಎನ್ನುತ್ತಾರೆ. ಎಂಜಿನ್ ಆಯಿಲಿನಿಂದ ಬರುವ ಬೂದಿ ಮಾತ್ರ ಒಳಗೇ ಉಳಿಯುತ್ತದೆ. ಕಡಿಮೆ ಬೂದಿಯ ಆಯಿಲನ್ನೇ ಹಾಕಬೇಕೆಂದು ಕೈಪಿಡಿಯಲ್ಲಿ ಬರೆದಿರುವುದು ಇದೇ ಕಾರಣಕ್ಕೆ. ಅಗ್ಗದ ಆಯಿಲಿನಲ್ಲಿ ನೂರಿನ್ನೂರು ರೂಪಾಯಿ ಉಳಿಸಿ, ಹತ್ತಾರು ಸಾವಿರದ ಸೋಸುಕವನ್ನು ಬೇಗ ಹಾಳು ಮಾಡಿಕೊಳ್ಳುವುದು ಯಾವ ಲೆಕ್ಕವೋ ತಿಳಿಯದು.

ಈಗ ಪಿ 2463 ಬಂದಿದೆ ಎಂದುಕೊಳ್ಳಿ. ಸೋಸುಕದಲ್ಲಿ ಮಸಿ ಮಿತಿಮೀರಿದೆ ಎಂಬ ದೂರು. ಕಾರು ದಿನವೂ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಶಾಲೆಗೆ, ಮೂರು ನಾಲ್ಕು ಕಿಲೋಮೀಟರ್ ಮಾತ್ರ ಓಡುತ್ತದೆ. ಕೋಡ್ ಅಳಿಸಬೇಡಿ. ಕೋಡ್ ಬಂದ ಕ್ಷಣದ ವೇಗ, ಶಾಖ, ಹೊರೆ ಇವನ್ನು ಕಂಪ್ಯೂಟರು ಫ್ರೀಜ್ ಫ್ರೇಮ್ ಎಂದು ಬರೆದಿಟ್ಟುಕೊಂಡಿರುತ್ತದೆ; ಅಳಿಸಿದರೆ ಅದೂ ಹೋಗುತ್ತದೆ. ಮೊದಲು ಅದನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ನಂತರ ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮಟ್ಟ ಗುರುತಿಗಿಂತ ಮೇಲಿದೆಯೇ? ಡೀಸೆಲ್ ವಾಸನೆ ಬರುತ್ತಿದೆಯೇ? ಹಾಗಿದ್ದರೆ ಸುಡುವ ಕೆಲಸ ಅರ್ಧಕ್ಕೆ ನಿಂತು ನಿಂತು, ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯ ಮೇಲಿಂದ ಆಯಿಲಿಗೆ ಇಳಿದಿದೆ. ಆಯಿಲ್ ಹೆಚ್ಚಾಗಿದೆಯೆಂದು ಸಂತೋಷಪಡುವ ಸಂಗತಿ ಅದಲ್ಲ. ತೆಳುವಾದ ಆಯಿಲ್ ಟರ್ಬೊವನ್ನು ತಿಂದುಹಾಕುತ್ತದೆ. ಆಯಿಲ್ ಬದಲಿಸದೆ ಮುಂದಿನ ಹೆಜ್ಜೆ ಇಡಬೇಡಿ.

ಆಮೇಲೆ ಕೀಲಿ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡದೆ, ಸೋಸುಕದ ಎರಡು ಬದಿಯ ಒತ್ತಡದ ವ್ಯತ್ಯಾಸವನ್ನು ಸ್ಕ್ಯಾನರಿನಲ್ಲಿ ಓದಿ. ಎಂಜಿನ್ ನಿಂತಿರುವಾಗ ಹೊಗೆ ಹರಿಯುವುದಿಲ್ಲ, ಆದ್ದರಿಂದ ಅಂಕಿ ಸೊನ್ನೆಯ ಹತ್ತಿರವೇ ಇರಬೇಕು. ನಿಂತ ಎಂಜಿನ್ನಿನಲ್ಲೂ ಒತ್ತಡ ತೋರಿಸಿದರೆ ಸೋಸುಕ ಆರೋಪಿಯಲ್ಲ, ಸೆನ್ಸರೇ ಸುಳ್ಳು ಸಾಕ್ಷಿ. ಸೆನ್ಸರಿಗೆ ಹೋಗುವ ಎರಡು ರಬ್ಬರ್ ಕೊಳವೆಗಳನ್ನೂ ಕೈಯಿಂದ ತಡವಿ ನೋಡಿ. ಶಾಖಕ್ಕೆ ಬಿರುಕು ಬಿಟ್ಟಿರುತ್ತವೆ, ಕೆಲವೊಮ್ಮೆ ಒಳಗೆ ಮಸಿ ಕಟ್ಟಿರುತ್ತದೆ. ಖರ್ಚಿಲ್ಲದ ಪರೀಕ್ಷೆ, ಐದು ನಿಮಿಷದ ಕೆಲಸ. ಆದರೂ ಇದನ್ನು ಮಾಡದೆ ಸೋಸುಕಕ್ಕೆ ಆರ್ಡರ್ ಕೊಡುವವರಿದ್ದಾರೆ.

ಸೆನ್ಸರ್ ಸರಿಯಿದೆ, ಸೋಸುಕ ನಿಜವಾಗಿಯೂ ತುಂಬಿದೆ ಎಂದಾದರೆ ಮುಂದಿನ ಪ್ರಶ್ನೆ: ಅದು ತಾನಾಗಿ ಏಕೆ ಸುಟ್ಟುಕೊಳ್ಳಲಿಲ್ಲ? ಸಣ್ಣ ಓಡಾಟ ಒಂದು ಕಾರಣ. ಆದರೆ ಅಲ್ಲಿಗೇ ನಿಲ್ಲಬೇಡಿ. ಕಾರನ್ನು ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಕೂಲಂಟಿನ ಶಾಖ ನೋಡಿ. ಅದು 80-90 ಡಿಗ್ರಿಗೆ ಏರಬೇಕು. 60-65ರಲ್ಲೇ ತೂಗಾಡುತ್ತಿದ್ದರೆ ಥರ್ಮೋಸ್ಟಾಟ್ ತೆರೆದುಕೊಂಡೇ ನಿಂತಿದೆ. ಎಂಜಿನ್ ಬಿಸಿಯಾಗದೆ ಸುಡುವ ಕೆಲಸಕ್ಕೆ ಕಂಪ್ಯೂಟರು ಅನುಮತಿ ಕೊಡುವುದಿಲ್ಲ. ನೋಡಿ, ಬೆಲೆಯಲ್ಲಿ ಲೆಕ್ಕಕ್ಕೇ ಬಾರದ ಒಂದು ಥರ್ಮೋಸ್ಟಾಟಿನಿಂದ ಕಾರಿನ ಅತಿ ದುಬಾರಿ ಭಾಗಗಳಲ್ಲೊಂದು ಬಲಿಯಾಗುತ್ತದೆ. ಹೊಸ ಸೋಸುಕ ಹಾಕಿದರೂ ಸ್ವಲ್ಪ ದಿನಗಳಲ್ಲಿ ಅದೂ ತುಂಬುತ್ತದೆ. ಗ್ರಾಹಕ ನಿಮ್ಮನ್ನು ಬೈಯುತ್ತಾನೆ, ನೀವು ಕಂಪೆನಿಯನ್ನು ಬೈಯುತ್ತೀರಿ. ಟರ್ಬೊದಿಂದ ಎಂಜಿನ್ನಿಗೆ ಹೋಗುವ ಗಾಳಿ ಪೈಪಿನ ಸೋರಿಕೆ, ತೊಟ್ಟಿಕ್ಕುವ ಇಂಜೆಕ್ಟರ್, ತೆರೆದು ಸಿಕ್ಕಿಕೊಂಡ ಇಜಿಆರ್, ಇವು ಮಸಿಯನ್ನೇ ಅಗತ್ಯಕ್ಕಿಂತ ಹೆಚ್ಚು ಹುಟ್ಟಿಸುವ ಕಾರಣಗಳು, ಅವನ್ನೂ ನೋಡಿ. ಸ್ಕ್ಯಾನರಿನಿಂದ ಬಲವಂತವಾಗಿ ಸುಡಿಸುವುದು ಎಲ್ಲದರ ಕೊನೆಯ ಹೆಜ್ಜೆ. ಅದನ್ನೂ ಮುಚ್ಚಿದ ಶೆಡ್ಡಿನಲ್ಲಿ, ಒಣಹುಲ್ಲಿನ ಮೇಲೆ ಮಾಡಬಾರದು. ಮಸಿ ವಿಪರೀತ ತುಂಬಿದ್ದರೆ ಮಾಡಲೇಬಾರದು. ಒಮ್ಮೆಲೇ ಹೊತ್ತಿಕೊಂಡ ಮಸಿಯ ಶಾಖಕ್ಕೆ ಸೋಸುಕ ಸೀಳಿಬಿಡುತ್ತದೆ.

ಎಸ್‌ಸಿಆರ್ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಪಿ 20ಇಇ ಎಂಬ ಕೋಡ್ ಬಂದರೆ ಮೊದಲು ಟ್ಯಾಂಕಿನ ದ್ರಾವಣವನ್ನು ಪರೀಕ್ಷಿಸಿ. ಅದರಲ್ಲಿ ಯೂರಿಯಾ ಪ್ರಮಾಣ ಶೇಕಡಾ 32.5 ಇರಬೇಕು, ರಿಫ್ರ್ಯಾಕ್ಟೋಮೀಟರ್ ಎಂಬ ಸಣ್ಣ ಸಾಧನದಿಂದ ಒಂದು ಹನಿಯಲ್ಲಿ ತಿಳಿಯುತ್ತದೆ. ಬಾವಿ ನೀರು ಬೆರೆಸಿದವರಿಗೂ, ರಸಗೊಬ್ಬರದ ಯೂರಿಯಾ ಕರಗಿಸಿ ಸುರಿದವರಿಗೂ ಉತ್ತರ ಅಲ್ಲೇ ಸಿಗುತ್ತದೆ. ನಂತರ ಸಿಂಪಡಿಸುವ ನಳಿಗೆಯ ಬಾಯಲ್ಲಿ ಬಿಳಿ ಹರಳು ಕಟ್ಟಿದೆಯೇ, ಆಮೇಲೆ ಸೆನ್ಸರುಗಳು, ಕಟ್ಟಕಡೆಗೆ ಕ್ಯಾಟಲಿಸ್ಟ್.

ಇಷ್ಟೆಲ್ಲ ಏಕೆ, ಒಂದು ತಗಡಿನ ತುಂಡು ಇಟ್ಟು ಇಜಿಆರ್ ಮುಚ್ಚಿದರೆ, ಡಿಪಿಎಫ್ ಒಡೆದು ತೆಗೆದು ಕಂಪ್ಯೂಟರಿನಲ್ಲಿ ಕೋಡ್ ಬಾರದಂತೆ ಮಾಡಿದರೆ ಮುಗಿಯಿತಲ್ಲ ಎಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ಹಾಗೆ ಮಾಡಿಕೊಡುವ ಕಡೆಗಳಿವೆ, ಗಿರಾಕಿಗಳೂ ಇದ್ದಾರೆ. ಇಜಿಆರ್ ಮುಚ್ಚಿದ ಕಾರು ಹೊಗೆ ತಪಾಸಣೆಯಲ್ಲಿ ಇನ್ನೂ ಚೆನ್ನಾಗಿಯೇ ಪಾಸಾಗಬಹುದು! ಏಕೆಂದರೆ ಡೀಸೆಲ್ ಕಾರುಗಳ ತಪಾಸಣಾ ಕೇಂದ್ರದಲ್ಲಿ ನೋಡುವುದು ಹೊಗೆಯ ದಟ್ಟಣೆಯನ್ನು. ಇಜಿಆರ್ ಮುಚ್ಚಿದಾಗ ಮಸಿ ಕಡಿಮೆಯಾಗುತ್ತದೆ, ಅಲ್ಲಿ ಅಳೆಯದ ನೈಟ್ರೋಜನ್ ಆಕ್ಸೈಡ್ ಏರುತ್ತದೆ. ಮೊದಲು ಹೇಳಿದ ಜಗಳ ನೆನಪಿರಲಿ. ಕಾಗದದಲ್ಲಿ ಕಾರು ಶುದ್ಧ, ರಸ್ತೆಯಲ್ಲಿ ಅಲ್ಲ. ಕಾನೂನಿನ ಮಾತು ಹೇಳುವುದಾದರೆ, ತಯಾರಕರು ಕೊಟ್ಟ ರೂಪದಿಂದ ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಅದಕ್ಕಿಂತ ಹತ್ತಿರದ ಮಾತು ಬೇರೊಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರ ಜೂನ್‌ನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಆ ಹೊಗೆಯನ್ನು ದಿನವಿಡೀ ಉಸಿರಾಡುವವರು ಯಾರು? ಕಾರಿನ ಮಾಲೀಕರಲ್ಲ. ಅವರು ಗಾಜು ಏರಿಸಿ ಹೋಗುತ್ತಾರೆ. ಶೆಡ್ಡಿನಲ್ಲಿ ನಿಂತವರು ನೀವು.

ಸಣ್ಣ ಗ್ಯಾರೇಜಿನವನಿಗೆ ಬುದ್ಧಿ ಹೇಳುತ್ತೀರಿ, ದೊಡ್ಡ ಕಂಪೆನಿಗಳ ಕಥೆಯೇನು ಎಂದು ಕೇಳಿದರೆ, ನ್ಯಾಯವಾದ ಪ್ರಶ್ನೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿಯೇ ಇದನ್ನು ಮಾಡಿ ಸಿಕ್ಕಿಬಿತ್ತು. ಕಾರು ಪ್ರಯೋಗಾಲಯದ ಪರೀಕ್ಷೆಯಲ್ಲಿದೆಯೋ ರಸ್ತೆಯಲ್ಲಿದೆಯೋ ಎಂಬುದನ್ನು ಸಾಫ್ಟ್‌ವೇರ್ ಗುರುತಿಸಿ, ಪರೀಕ್ಷೆಯಲ್ಲಿ ಮಾತ್ರ ಶುದ್ಧವಾಗಿ ನಡೆದುಕೊಳ್ಳುತ್ತಿತ್ತು. ರಸ್ತೆಯಲ್ಲಿ ದೀಪವೂ ಹೊತ್ತುತ್ತಿರಲಿಲ್ಲ, ಕೋಡೂ ಬರುತ್ತಿರಲಿಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯದ ಸಣ್ಣ ತಂಡವೊಂದು ಅಳತೆಯ ಉಪಕರಣಗಳನ್ನು ಕಾರಿನಲ್ಲೇ ಹೊತ್ತು ಕ್ಯಾಲಿಫೋರ್ನಿಯದ ರಸ್ತೆಗಳಲ್ಲಿ ಓಡಿಸಿತು. ಆ ತಂಡದಲ್ಲಿದ್ದ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಒಬ್ಬರು ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ. 2014ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಒಂದು ಕಾರು ಮಿತಿಯ 15ರಿಂದ 35 ಪಟ್ಟು, ಇನ್ನೊಂದು 5ರಿಂದ 20 ಪಟ್ಟು ನೈಟ್ರೋಜನ್ ಆಕ್ಸೈಡ್ ಬಿಡುತ್ತಿದ್ದವು. ಬೇರೆ ಕಂಪೆನಿಯ ಮೂರನೆಯ ಕಾರು ಬಹುಪಾಲು ಮಿತಿಯೊಳಗೇ ಇತ್ತು. ಆದ್ದರಿಂದ ಅಳೆಯುವ ವಿಧಾನವೇ ತಪ್ಪೆಂದು ತಳ್ಳಿಹಾಕುವಂತಿರಲಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸರ್ಕಾರ ನೋಟಿಸು ಕೊಟ್ಟಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಆ ಸಾಫ್ಟ್‌ವೇರ್ ಇತ್ತೆಂದು ಕಂಪೆನಿ ಒಪ್ಪಿಕೊಂಡಿತು.

ಆ ವಿದ್ಯಾರ್ಥಿಗಳು ಮಾಡಿದ ಕೆಲಸವನ್ನು ಗಮನಿಸಿ. ಯಾರನ್ನೂ ಹಿಡಿಯಲು ಅವರು ಹೊರಟಿರಲಿಲ್ಲ. ಡೀಸೆಲ್ ಕಾರು ರಸ್ತೆಯಲ್ಲಿ ಎಷ್ಟು ಶುದ್ಧವಾಗಿ ಓಡುತ್ತದೆ ಎಂದು ಅಳೆಯಲು ಹೊರಟವರು ಅಂಕಿಗಳು ಹೊಂದದಿದ್ದಾಗ ಬಿಟ್ಟುಬಿಡದೆ ಕಾರಣ ಕೇಳಿದರು. ಥರ್ಮೋಸ್ಟಾಟಿನ ಮುಂದೆ ನಿಂತ ನೀವು ಮಾಡಬೇಕಾದ್ದೂ ಅದನ್ನೇ.

ಹೊರಗೆ ಅಂಗಳದಲ್ಲಿ ಒಂದು ಬಿಎಸ್-6 ಕಾರು ನಿಲ್ಲಿಸಿದ್ದೇವೆ. ದೀಪ ಹೊತ್ತಿದೆ, ಕೋಡ್ ಅಳಿಸಿಲ್ಲ. ಚಹಾ ಆದ ಮೇಲೆ ಐದೈದು ಮಂದಿಯಂತೆ ಬನ್ನಿ, ಬರೆದುಕೊಳ್ಳಲು ಪುಸ್ತಕ ತನ್ನಿ. ಸ್ಕ್ಯಾನರ್ ಆಮೇಲೆ ಕೊಡುತ್ತೇನೆ. ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ ನನಗೆ ಹೇಳಿ.