ಅಳಿಸಿದ ಹಡಗುಗಳು

ಜರ್ಮನಿಯ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಕ್ 1808ರಿಂದ 1810ರವರೆಗೆ 'ಕಡಲ ದಂಡೆಯಲ್ಲಿ ಸನ್ಯಾಸಿ' ಎಂಬ ಚಿತ್ರದ ಮೇಲೆ ದುಡಿದ. ಅಗಲ ಎರಡು ಮೀಟರೂ ಇಲ್ಲ. ಕೆಳಗೆ ಬಿಳಿಚಿದ ಮರಳು, ಅದರಾಚೆ ಕಪ್ಪು ಕಡಲಿನ ಪಟ್ಟಿ, ಉಳಿದದ್ದೆಲ್ಲ ಆಕಾಶ. ಸನ್ಯಾಸಿ ಒಂದು ಗೀಟಿನಷ್ಟೇ.

ಮೊದಲು ಅವನು ಕಡಲಲ್ಲಿ ಹಡಗುಗಳನ್ನೂ ಬರೆದಿದ್ದ. ಆಮೇಲೆ ಬಣ್ಣ ಬಳಿದು ಮುಚ್ಚಿಬಿಟ್ಟ. ಚಿತ್ರದ ಧೈರ್ಯವೆಲ್ಲ ಇರುವುದು ಅಲ್ಲೇ ಎಂದು ನನಗನಿಸುತ್ತದೆ. ಹಡಗಿದ್ದಿದ್ದರೆ ಕಣ್ಣಿಗೊಂದು ಆಸರೆ, ದೂರಕ್ಕೊಂದು ಅಳತೆ ಸಿಗುತ್ತಿತ್ತು. ಅದಿಲ್ಲದಾಗ ನೋಟಕ್ಕೆ ನೆಲೆ ತಪ್ಪಿ ಎದೆ ಝಲ್ಲೆನ್ನುತ್ತದೆ. ಆ ಭಯದೊಳಗೇ ಒಂದು ಆನಂದವೂ ಇದೆ. ಕಲೆಯಲ್ಲಿ ಭವ್ಯತೆ ಎಂದರೆ ಇದೇ.

ಕೇಳುಗರೇ, ಮೊಬೈಲ್ ಪರದೆಯಲ್ಲಿ ಇದು ದಕ್ಕದು. ಚಿತ್ರ ಬರ್ಲಿನ್ನಿನ ಆಲ್ಟೆ ನ್ಯಾಷನಲ್‌ಗ್ಯಾಲರಿಯದು. ಆ ಕಡೆ ಹೋದವರು ಅದರೆದುರು ಹತ್ತು ನಿಮಿಷವಾದರೂ ನಿಲ್ಲಿ.